ತೊಳೆದ ಸೋಬಾನೆ

ನನ್ನ ಕಿವಿಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಜಂಬ. ಕಣ್ಣಿಗೆ ಕನ್ನಡಕ ಬಂದಾಗ ನಾನು ಬೇಸರಪಟ್ಟುಕೊಳ್ಳಲಿಲ್ಲ, ತಲೆಗೂದಲು ಉದುರಿದಾಗಲೂ ಹೋದರೆ ಹೋಗಲಿ ಎಂದುಕೊಂಡೆ. ಆದರೆ ಯಾರಾದರೂ ‘ನಿಮಗೆ ಕೇಳಿಸಲಿಲ್ವಾ?’ ಎಂದರೆ ಮಾತ್ರ ಮೈ ಉರಿಯುತ್ತದೆ. ಹಾಸನದಲ್ಲಿ ನನ್ನದೊಂದು ಬಣ್ಣದ ಅಂಗಡಿ. ಬಿಳಿ ಎಂದರೆ ಒಂದೇ ಬಿಳಿ ಎಂದುಕೊಂಡು ಬರುವ ಗಿರಾಕಿಗೆ ಹಾಲಿನ ಬಿಳಿ, ಮಲ್ಲಿಗೆಯ ಬಿಳಿ, ಸುಣ್ಣದ ಬಿಳಿ, ಮೊಟ್ಟೆಯ ಬಿಳಿ ಎಂದು ಬಿಡಿಸಿ ತೋರಿಸಿ ಅವನ ನೆಮ್ಮದಿ ಕೆಡಿಸುವುದು ನನ್ನ ಕಸುಬು. ಅದೇ ಚಾಳಿ ಸಂಗೀತಕ್ಕೂ ಅಂಟಿಕೊಂಡಿದೆ. ಒಂದೇ ಹಾಡನ್ನು ಮೊಬೈಲಿನಲ್ಲಿ ಒಮ್ಮೆ, ಸ್ಪೀಕರಿನಲ್ಲಿ ಒಮ್ಮೆ, ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ, ‘ಆಹಾ, ಇದರಲ್ಲಿ ತಬಲದ ಎಡಗೈ ಎಷ್ಟು ಬಿಡಿಬಿಡಿಯಾಗಿ ಕೇಳಿಸುತ್ತೆ, ಬಂದು ನೋಡು’ ಎಂದು ಹೆಂಡತಿಯನ್ನು ಕರೆಯುತ್ತೇನೆ. ಅವಳು ಜಯಶ್ರೀ, ಅರಕಲಗೂಡಿನವಳು. ಅಡುಗೆಮನೆಯಿಂದಲೇ, ‘ಅದಿರ್ಲಿ, ಕುಕ್ಕರ್ ಎಷ್ಟು ಸಲ ಕೂಗ್ತು ಏಳಿ ನೋಡಾಣ’ ಎನ್ನುತ್ತಾಳೆ. ಅದೊಂದು ಮಾತ್ರ ನನಗೆ ಕೇಳಿಸಿರುವುದಿಲ್ಲ.

ಹಾಗೆಂದು ನನ್ನನ್ನು ‘ಹಳೇದೆಲ್ಲ ಚಿನ್ನ, ಹೊಸದೆಲ್ಲ ತಗಡು’ ಎನ್ನುವವರ ಗುಂಪಿಗೆ ಸೇರಿಸಬೇಡಿ. ಹೊಸ ಯಂತ್ರ ಬಂತೆಂದರೆ ನನಗೆ ಹಬ್ಬ. ಹಾಡು ಎಂಬ ಒಂದು ಗಾಳಿಯ ಪದಾರ್ಥವನ್ನು ಹಿಡಿದಿಡಲು ಮನುಷ್ಯ ಎಷ್ಟು ವೇಷ ಹಾಕಿದ್ದಾನೆ! ಅರಗಿನ ತಟ್ಟೆ, ರೀಲು, ಹೊಳೆಯುವ ಬಿಲ್ಲೆ, ಉಗುರಿನಷ್ಟು ಕಾರ್ಡು, ಈಗ ಅದೂ ಇಲ್ಲದೆ ಬರೀ ಗಾಳಿ. ಗಾಳಿಯಲ್ಲಿ ಹುಟ್ಟಿದ್ದು ಊರೆಲ್ಲ ಸುತ್ತಿ ಮತ್ತೆ ಗಾಳಿಗೇ ಬಂದಿದೆ. ಇಷ್ಟನ್ನೂ ಒಂದೇ ಆಯುಸ್ಸಿನಲ್ಲಿ ಕಂಡ ತಲೆಮಾರು ನಮ್ಮದು ಎಂದು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ. ನಮ್ಮ ಮುತ್ತಾತನಿಗೆ ಎತ್ತಿನ ಗಾಡಿಯಿಂದ ಎತ್ತಿನ ಗಾಡಿಗೆ ಬಡ್ತಿ. ನಾವು ನೋಡಿ, ಒಂದು ಹಾಡನ್ನು ಎಷ್ಟು ಸಲ ಹೊಸದಾಗಿ ಕೇಳಿದ್ದೇವೆ.

ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರದಲ್ಲಿ. ಅಲ್ಲಿ ಮದುವೆ ನಡೆಯುತ್ತಿದೆ ಎಂದು ಊರಿಗೆ ತಿಳಿಸುತ್ತಿದ್ದುದು ಲಗ್ನಪತ್ರಿಕೆಯಲ್ಲ, ತೆಂಗಿನಮರಕ್ಕೆ ಕಟ್ಟಿದ ಮೈಕಿನ ಹಾರನ್ನು. ಮೈಕ್‌ಸೆಟ್ಟಿನವನು ಕರಿಯ ಪ್ಲೇಟನ್ನು ಪಂಚೆಯಂಚಿನಿಂದ ಒರೆಸಿ, ಮುಳ್ಳನ್ನು ಅದರ ಮೇಲೆ ಇಳಿಸಿದರೆ ಮೊದಲು ಮಂಡಕ್ಕಿ ಹುರಿದಂಥ ಸದ್ದು, ಆಮೇಲೆ ಹಾಡು. ಪ್ಲೇಟು ಗೀಚಿದ್ದರೆ ಗಾಯಕಿ ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡು, ಮುಂದಿನ ಸಾಲಿನ ಚೀಟಿ ಕಳೆದುಕೊಂಡವರಂತೆ ಅದನ್ನೇ ಹೇಳುತ್ತಿದ್ದಳು. ಮರದ ಬುಡದಲ್ಲಿ ನಿಂತರೆ ಕಿವಿ ಹರಿದುಹೋಗುವಂಥ ಅರಚಾಟ. ಆದರೆ ಅದೇ ಹಾಡನ್ನು ಹೇಮಾವತಿಯ ಆಚೆ ದಡದ ಗದ್ದೆಯಲ್ಲಿ ನಿಂತು ಕೇಳಿದರೆ, ನೀರಿನ ಮೇಲೆ ಹಾದು ಬಂದು ಅದೆಷ್ಟು ಇಂಪಾಗುತ್ತಿತ್ತೆಂದರೆ ನನ್ನ ತಂದೆ ಹಾರೆ ಊರಿಕೊಂಡು ನಿಂತುಬಿಡುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ದೂರದ ಹಾರನ್ನೂ ನುಣ್ಣಗೆ. ಧ್ವನಿಯ ಗುಣಮಟ್ಟ ಯಂತ್ರದಲ್ಲಿ ಎಷ್ಟಿರುತ್ತದೋ ಕೇಳುವವನು ನಿಂತ ಜಾಗದಲ್ಲೂ ಅಷ್ಟೇ ಇರುತ್ತದೆ ಎನ್ನುವುದು ನನಗೆ ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಆಮೇಲೆ ಕ್ಯಾಸೆಟ್ಟು ಬಂತು. ಕ್ಯಾಸೆಟ್ಟಿನ ಒಳಗುಟ್ಟು ನಿಮಗೆ ಗೊತ್ತೇ? ಪ್ಲಾಸ್ಟಿಕ್ಕಿನ ತೆಳು ಪಟ್ಟಿಯ ಮೇಲೆ ಬಳಿದ ಕಂದು ಪುಡಿ ಇದೆಯಲ್ಲ, ಅದು ಮೂಲದಲ್ಲಿ ಕಬ್ಬಿಣದ ತುಕ್ಕೇ. ಗೇಟಿಗೆ ಹಿಡಿದರೆ ನನ್ನ ಅಂಗಡಿಗೆ ಬಂದು ಪ್ರೈಮರ್ ಕೊಡಿ ಎಂದು ಕೇಳುತ್ತೀರಿ, ಪಟ್ಟಿಗೆ ಹಿಡಿದರೆ ಅದೇ ಸಂಗೀತ! ಹಾಸನದ ಬಸ್‌ಸ್ಟ್ಯಾಂಡಿನ ಹಿಂದೆ ರೆಕಾರ್ಡಿಂಗ್ ಅಂಗಡಿಯೊಂದಿತ್ತು. ಬೇಕಾದ ಹಾಡುಗಳನ್ನು ಹೇಳಿ ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ತುಂಬಿಸಿ ಕೊಡುತ್ತಿದ್ದರು. ರೀಲು ಮುಗಿದಲ್ಲಿ ಹಾಡೂ ಮುಗಿಯುತ್ತಿತ್ತು, ಚರಣದ ನಡುವೆ ಕತ್ತರಿಸಿದಂತೆ. ನಮ್ಮ ಮನೆಯಲ್ಲಿ ಅಂಥ ಹಾಡುಗಳನ್ನು ಅಲ್ಲಿಯವರೆಗೇ ಕಲಿತವರು ನಾವು. ಈಗ ಮೊಬೈಲಿನಲ್ಲಿ ಪೂರ್ತಿ ಹಾಡು ಬಂದರೂ ನಾನು, ನನ್ನ ತಮ್ಮ, ತಂಗಿ ಮೂವರೂ ಒಂದೇ ಅಕ್ಷರಕ್ಕೆ ಬಂದು ಗಪ್ಪೆಂದು ನಿಲ್ಲುತ್ತೇವೆ. ಮುಂದಿನದು ನಮಗೆ ಪರರ ಮನೆಯ ಹಾಡು. ಜಯಶ್ರೀ ಮದುವೆಯಾದ ಹೊಸದರಲ್ಲಿ ಇದೇನು ಈ ವಂಶಕ್ಕೆ ಕಾಯಿಲೆ ಎಂದು ಗಾಬರಿಯಾಗಿದ್ದಳು.

ಸಿ.ಡಿ. ಬಂದಾಗ ನಾನು ಕುಣಿದಾಡಿದೆ. ಮಂಡಕ್ಕಿ ಸದ್ದಿಲ್ಲ, ರೀಲಿನ ಸೊಯ್ಯೆನ್ನುವ ಉಸಿರಿಲ್ಲ. ಹಾಡು ಶುರುವಾಗುವ ಮೊದಲಿನ ಮೌನ ಕೂಡ ತೊಳೆದಿಟ್ಟ ಬೆಳ್ಳಿಲೋಟದ ಹಾಗೆ. ಆದರೆ ಆ ಬಿಲ್ಲೆಗಳ ಭೋಗ ಹೆಚ್ಚು ದಿನ ನಡೆಯಲಿಲ್ಲ. ಈಗ ಚನ್ನರಾಯಪಟ್ಟಣದ ದಾರಿಯಲ್ಲಿ ಹೊಲಗಳನ್ನು ನೋಡಿ, ಕೋಲಿಗೆ ಕಟ್ಟಿದ ಸಿ.ಡಿ.ಗಳು ಬಿಸಿಲಿಗೆ ಮಿಂಚುತ್ತ ಹಕ್ಕಿ ಹೆದರಿಸುತ್ತಿರುತ್ತವೆ. ಒಳಗೆ ಯಾರ ಕಛೇರಿ ಇದೆಯೋ ಹಕ್ಕಿಗಳಿಗೇ ಗೊತ್ತು. ಅಷ್ಟರಲ್ಲಿ ಮೆಮೊರಿ ಕಾರ್ಡಿನ ಕಾಲ ಬಂತು. ಮೊಬೈಲ್ ಅಂಗಡಿಯಲ್ಲಿ ‘ಹಾಡು ತುಂಬಿಸಿ ಕೊಡಲಾಗುವುದು’ ಎಂಬ ಬೋರ್ಡು. ‘ಯಾವ ಹಾಡು ಸಾ?’ ಎಂದು ಯಾರೂ ಕೇಳುತ್ತಿರಲಿಲ್ಲ. ‘ಭಕ್ತಿನಾ, ಜಾನಪದನಾ, ಮಿಕ್ಸಾ?’ ಎಂದು ಕೇಳಿ, ಸೇರಿನಲ್ಲಿ ರಾಗಿ ಅಳೆದು ಸುರಿದ ಹಾಗೆ ಸುರಿಯುತ್ತಿದ್ದರು.

ಅಷ್ಟು ಚಿಕ್ಕದರಲ್ಲಿ ಅಷ್ಟು ಹಾಡು ಹಿಡಿಸಿದ್ದು ಹೇಗೆ ಎಂದು ಓದಿ ತಿಳಿದಾಗ ನಾನು ಬೆರಗಾದೆ. ನಮ್ಮ ಕಿವಿಗೊಂದು ಮಿತಿಯಿದೆ. ಒಂದು ದೊಡ್ಡ ಸದ್ದು ಕೇಳುವಾಗ ಅದರ ಮಗ್ಗುಲಿನ ಸಣ್ಣ ಸದ್ದು ನಮಗೆ ತಿಳಿಯುವುದಿಲ್ಲ. ಡೊಳ್ಳಿನ ಪಕ್ಕ ತಂಬೂರಿ ಇದ್ದರೆಷ್ಟು ಬಿಟ್ಟರೆಷ್ಟು? ಹೇಗೂ ಕೇಳಿಸದ್ದನ್ನು ಇಟ್ಟುಕೊಂಡು ಜಾಗ ಯಾಕೆ ದಂಡ ಎಂದು ಕಂಪ್ಯೂಟರು ಅದನ್ನು ಕಿತ್ತು ಬಿಸಾಡಿ, ಉಳಿದದ್ದನ್ನು ಮಡಚಿ ಇಡುತ್ತದೆ. ಇದನ್ನು ನಾನು ಉತ್ಸಾಹದಿಂದ ವಿವರಿಸಿದರೆ ಜಯಶ್ರೀ, ‘ಅಂದ್ರೆ ನಮ್ ಮನೇಲಿ ನನ್ ಮಾತಿನ ಗತಿ’ ಎಂದಳು. ವಿಜ್ಞಾನವನ್ನು ಸಂಸಾರಕ್ಕೆ ತಂದು ಕಟ್ಟಬಾರದು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈ ವರ್ಷ ನನ್ನ ಕಿವಿಗೂ ನನ್ನ ಯಂತ್ರಗಳಿಗೂ ಒಂದು ಪರೀಕ್ಷೆ ಬಂತು.

ಚನ್ನರಾಯಪಟ್ಟಣದಲ್ಲಿ ನನ್ನ ಸೋದರತ್ತೆ ಇದ್ದಾಳೆ, ಪುಟ್ಟತಾಯಮ್ಮ, ನನ್ನ ತಂದೆಯ ತಂಗಿ. ನಮ್ಮ ಕಡೆ ಮದುವೆಯಲ್ಲಿ ಹುಡುಗಿಯನ್ನು ಹಸೆಮಣೆಗೆ ಕರೆತಂದು ಅರಿಸಿನ ಹಚ್ಚುವಾಗ ಹೆಂಗಸರು ಸೋಬಾನೆ ಹಾಡುತ್ತಾರೆ. ಒಬ್ಬಳು ಮುಂದಾಗಿ ಒಂದೊಂದೇ ಸಾಲಿನ ಪದ ಹೇಳಬೇಕು, ಉಳಿದವರು ಸುತ್ತ ಕೂತು ಅದೇ ಸೊಲ್ಲನ್ನು ಎತ್ತಿ ತಿರುಗಿ ಹೇಳಬೇಕು. ಇದಕ್ಕೆ ಸೊಲ್ಲು ಕೊಡುವುದು ಎನ್ನುತ್ತಾರೆ. ನಮ್ಮ ಬಳಗದಲ್ಲಿ ಮುಂದಾಗಿ ಹೇಳುವವಳು ಎಂದರೆ ಅತ್ತೆಯೇ. ಮೈಕಿನ ಹಂಗಿಲ್ಲದ ಗಂಟಲು ಅವಳದು. ನನ್ನ ತಂಗಿಯ ಮದುವೆಯಲ್ಲಿ ಅವಳು ಒಳಮನೆಯಲ್ಲಿ ಹಾಡಿದರೆ ಬೀದಿಯಲ್ಲಿ ಎಲೆ ಹಾಸುತ್ತಿದ್ದವರು ಕೈ ನಿಲ್ಲಿಸಿದ್ದರು. ಅಂಥ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವಳಿಗಿರುವುದು ಬರೀ ಪಿಸುಮಾತು.

ಅತ್ತೆಯ ಮೊಮ್ಮಗಳು ಮೇಘನಳಿಗೆ ಬೂವನಹಳ್ಳಿಯ ಕಡೆ ಸಂಬಂಧ ಗೊತ್ತಾಯಿತು. ವಿಮಾನ ನಿಲ್ದಾಣ ಬರುತ್ತದೆ ಬರುತ್ತದೆ ಎಂದು ಆಕಾಶ ನೋಡುತ್ತಿರುವ ಊರು, ಅಲ್ಲಿಗೆ ಮೊದಲು ನಮ್ಮ ಹುಡುಗಿಯೇ ಇಳಿಯುತ್ತಾಳೆ ಎಂದು ನಾನು ತಮಾಷೆ ಮಾಡಿ ಎಲ್ಲರನ್ನೂ ನಗಿಸಿದೆ. ಅತ್ತೆ ನಗಲಿಲ್ಲ. ಕೈ ಹಿಡಿದು ನನ್ನನ್ನು ಹಿತ್ತಲ ಜಗಲಿಗೆ ಕರೆದುಕೊಂಡು ಹೋದಳು. ಅವಳ ಮಾತು ಕೇಳಬೇಕಾದರೆ ಬಗ್ಗಿ ಕಿವಿ ಕೊಡಬೇಕು.

‘ಕುಮಾರ, ನಿನ್ ಮದ್ವೇಲಿ ನಾನ್ ಆಡಿದ್ನ ಟೇಪ್ ಮಾಡ್ಕಂಡಿದ್ದೆಯಲ್ಲ, ಐತಾ?’

‘ಐತೆ ಅತ್ತೆ.’

‘ಮೇಘೂನ ಹಸೆಗೆ ಕೂರ್ಸೋವಾಗ ಅದ್ನ ಆಕ್ಸು. ಸೋಬಾನೆ ಇಲ್ದೆ ನಮ್ ಮನೆ ಎಣ್ಣು ಅರಿಸಿನ ಅಚ್ಚುಸ್ಕಂಡಿಲ್ಲ ಕಣಪ್ಪ. ನಾನ್ ಬದ್ಕಿರೋವಾಗ್ಲೇ ಅದು ನಿಂತೋಗ್ಬಾರ್ದು.’

ಮನೆಯ ಬೇರೆ ಹೆಂಗಸರನ್ನು ಕೇಳಿದ್ದಾಯಿತಂತೆ. ಎಲ್ಲರದೂ ಒಂದೇ ಮಾತು, ‘ನಮಗೆ ಬರಲ್ಲ, ನಾಚ್ಕೆ ಆಯ್ತದೆ, ಡಿಜೆ ಏಳಿದೀವಲ್ಲ.’ ಅತ್ತೆಯ ಕಣ್ಣಲ್ಲಿ ನೀರು ತುಂಬಿತ್ತು. ನನಗೋ ಸಂಕಟದ ಜೊತೆಗೇ ಒಂದು ಹುರುಪು ಎದ್ದುಬಿಟ್ಟಿತು. ಇಷ್ಟು ವರ್ಷ ನಾನು ಸಾಕಿದ ಕಿವಿಗಳಿಗೆ ಕಡೆಗೂ ಒಂದು ಕೆಲಸ ಸಿಕ್ಕಿತಲ್ಲ! ‘ನೀನು ಯೋಚ್ನೆ ಮಾಡ್ಬ್ಯಾಡ. ನಿನ್ನ ದನಿ ಆವತ್ತಿಗಿಂತ ಚೆನ್ನಾಗಿ ಕೇಳಿಸೋ ಹಂಗೆ ಮಾಡ್ತೀನಿ’ ಎಂದು ಮಾತು ಕೊಟ್ಟೆ.

ಕ್ಯಾಸೆಟ್ಟು ಭದ್ರವಾಗಿಯೇ ಇತ್ತು. ಇಲ್ಲದ್ದು ಅದನ್ನು ಹಾಡಿಸುವ ಯಂತ್ರ. ಹಾಸನದ ಅಂಗಡಿಗಳಲ್ಲಿ ಟೇಪ್ ರೆಕಾರ್ಡರ್ ಕೇಳಿದರೆ, ತಾಮ್ರದ ಹಂಡೆ ಕೇಳಿದವನನ್ನು ನೋಡುವ ಹಾಗೆ ನೋಡಿದರು. ಗುಜರಿಗೆ ಹಾಕಿದೆವು ಎಂದವರೇ ಎಲ್ಲ. ಕೊನೆಗೆ ಜಯಶ್ರೀಯೇ ದಾರಿ ತೋರಿಸಿದಳು. ಅರಕಲಗೂಡಿನಲ್ಲಿ ಅವಳ ತಮ್ಮ ಲೋಕೇಶ ಹೊಗೆಸೊಪ್ಪು ಬೆಳೆಯುತ್ತಾನೆ. ಸೊಪ್ಪನ್ನು ಬಿಸಿಗಾಳಿಗೆ ಹದ ಮಾಡುವ ಬ್ಯಾರನ್ ಮನೆಯ ಬಾಗಿಲಲ್ಲಿ, ಬೆಂಕಿ ಕಾಯುವವರಿಗೆ ರೇಡಿಯೋ ಕೇಳಲೆಂದು ಹಳೆಯದೊಂದು ಟೂ-ಇನ್-ವನ್ ಇಟ್ಟಿದ್ದ. ಕ್ಯಾಸೆಟ್ಟಿನ ಬಾಗಿಲು ಮುರಿದಿತ್ತು, ಮೈಯೆಲ್ಲ ಹೊಗೆಸೊಪ್ಪಿನ ಅಂಟು, ಆದರೆ ಒಳಗಿನ ಚಕ್ರ ತಿರುಗುತ್ತಿತ್ತು. ನಾನು ಅದನ್ನು ಕಂಡು ಕೈ ಮುಗಿಯುವುದೊಂದು ಬಾಕಿ.

ಕ್ಯಾಸೆಟ್ ಹಾಕಿ ಗುಂಡಿ ಒತ್ತಿದೆವು. ನಮ್ಮ ಅತ್ತೆಯ ಬದಲು ಯಾರೋ ದಪ್ಪ ಗಂಡಸು, ಊಟವಾಗಿ ನಿದ್ದೆಗಣ್ಣಿನಲ್ಲಿ, ಸೋಬಾನೆ ಹಾಡತೊಡಗಿದ. ಲೋಕೇಶ ಬಿದ್ದು ಬಿದ್ದು ನಕ್ಕ. ಒಳಗಿನ ಬೆಲ್ಟು ಸಡಿಲವಾಗಿ ರೀಲು ತೆವಳುತ್ತಿತ್ತು. ‘ಇರಿ ಭಾವ’ ಎಂದು ಅವನು ಔಷಧಿ ಪೊಟ್ಟಣದ ರಬ್ಬರ್ ಬ್ಯಾಂಡ್ ತಂದು ಸುತ್ತಿದ. ಈಗ ಅತ್ತೆ ಚಿಕ್ಕ ಮಗುವಾಗಿ, ಕೊನೆಯ ಬಸ್ಸು ಹೊರಟಿತೆಂಬ ಆತುರದಲ್ಲಿ ಹಾಡಿ ಮುಗಿಸಿದಳು. ಬೇರೆ ಬೇರೆ ರಬ್ಬರ್ ಬ್ಯಾಂಡ್ ಹಾಕಿ, ತೆಗೆದು, ಹಾಕಿ, ಬ್ಯಾರನ್ನಿನ ಕೆಲಸದವರೆಲ್ಲ ಸುತ್ತ ನೆರೆದು ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟು, ಕಡೆಗೆ ಜಯಶ್ರೀ, ‘ನಿಲ್ಸು ಲೋಕಿ, ಇದೇ! ಇದೇ ಅತ್ತೆ ದನಿ’ ಎಂದು ಕೂಗಿದಳು. ನಿಜ, ಅದೇ ದನಿ. ಜಯಶ್ರೀಯ ತವರಿನಲ್ಲಿ, ನಮ್ಮ ಮದುವೆಯಲ್ಲಿ ಅತ್ತೆ ಹಾಡಿದ ದನಿ, ಅದೇ ಊರಿನ ಗಾಳಿಯಲ್ಲಿ ಮತ್ತೆ ಎದ್ದು ಬಂದಿತ್ತು. ನಾನು ತಂತಿ ಜೋಡಿಸಿ ಅಷ್ಟನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ಆ ದಿನ ಹಾಸನಕ್ಕೆ ವಾಪಸು ಬರುವಾಗ ಕಾರು ಓಡಿಸಿದ್ದು ನಾನೋ ನನ್ನ ಖುಷಿಯೋ ಗೊತ್ತಿಲ್ಲ.

ಇನ್ನು ತೊಳೆಯುವ ಕೆಲಸ. ರೆಕಾರ್ಡಿಂಗು ನಿಜಕ್ಕೂ ಕೊಳೆಯಾಗಿತ್ತು. ಮೊದಲಿನಿಂದ ಕೊನೆಯವರೆಗೂ ರೀಲಿನ ಸೊಯ್ಯೆನ್ನುವ ಸದ್ದು, ಪಾತ್ರೆ ಬಿದ್ದದ್ದು, ಯಾರದೋ ಮಗು ರಚ್ಚೆ ಹಿಡಿದದ್ದು, ‘ಕಾಫಿ ಯಾರಿಗ್ ಬೇಕು’ ಎಂದದ್ದು, ಇದರ ನಡುವೆ ಹಾಡು. ಈಗಿನ ಕಂಪ್ಯೂಟರುಗಳಿಗೆ ಇದೆಲ್ಲ ಎಳ್ಳಷ್ಟೂ ಕಷ್ಟವಲ್ಲ. ‘ಮುಖ್ಯ ದನಿ ಮಾತ್ರ ಉಳಿಸು’ ಎಂಬ ಒಂದು ಗುಂಡಿಯೇ ಇದೆ. ಒತ್ತಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಬ್ಬಾ! ವರ್ಷಗಟ್ಟಲೆ ಧೂಳು ಕುಳಿತ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒಂದೇ ಸಲ ಒರೆಸಿದ ಹಾಗೆ. ಸೊಯ್ಯೆನ್ನುವುದಿಲ್ಲ, ಪಾತ್ರೆಯಿಲ್ಲ, ಮಗುವಿಲ್ಲ. ಅತ್ತೆ ಒಬ್ಬಳೇ, ನನ್ನ ಎದುರು ಕೂತು, ಉಸಿರೆಳೆದುಕೊಳ್ಳುವುದು ಸಹ ಕೇಳಿಸುವಂತೆ ಹಾಡುತ್ತಿದ್ದಳು. ನಾನು ಕುರ್ಚಿಯಿಂದೆದ್ದು ಕುಣಿದೆ. ಜಯಶ್ರೀಗೂ ಕೇಳಿಸಿದೆ. ಒಂದೇ ಒಂದು ಪದ ಕೇಳಿ, ‘ಸಿನಿಮಾದಲ್ಲಿ ಆಡ್ದಂಗ್ ಐತೆ ಕಣ್ರೀ’ ಎಂದು ಅವಳೂ ಮೆಚ್ಚಿದಳು. ಅವಳು ಮೆಚ್ಚುವುದು ಅಪರೂಪ.

ಮರುದಿನವೇ ಅಂಗಡಿಗೆ ಬಾಗಿಲು ಹಾಕಿ ಚನ್ನರಾಯಪಟ್ಟಣಕ್ಕೆ ಓಡಿದೆ. ಅತ್ತೆಯ ತಲೆಗೆ ನನ್ನ ಹೆಡ್‌ಫೋನನ್ನು ತುರುಬು ತಪ್ಪಿಸಿ ಕೂರಿಸಿ ಹಾಡು ಹಾಕಿದೆ. ಅವಳ ಮುಖ ಅರಳುವುದನ್ನು ನೋಡಲು ಎದುರಿಗೇ ಕೂತೆ. ಮೊದಲು ಅರಳಿತು. ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕಿತು. ಆಮೇಲೆ ತಾಳ ನಿಂತಿತು. ಅವಳು ಆ ಕಡೆ ಈ ಕಡೆ ನೋಡಿದಳು. ಹಾಡು ಮುಗಿಯುವ ಮೊದಲೇ ಹೆಡ್‌ಫೋನ್ ತೆಗೆದು ಕೈಗಿಟ್ಟಳು.

‘ಚೆನ್ನಾಗಿಲ್ವಾ ಅತ್ತೆ?’

‘ಚೆನ್ನಾಗೈತೆ. ಇವ್ರೆಲ್ಲಾ ಎಲ್ಲೋದ್ರು?’

‘ಯಾರು?’

‘ಸೊಲ್ ಕೊಡೋರು. ನಿಮ್ಮವ್ವ ಎಲ್ಲಪ್ಪ? ನನ್ ಬಲಗಡೀಕೇ ಕೂತಿದ್ಲು.’

ನಾನು ಬೆಪ್ಪಾದೆ. ಕಂಪ್ಯೂಟರು ಪಾಪ ಹೇಳಿದ್ದನ್ನೇ ಮಾಡಿತ್ತು. ಮುಖ್ಯ ದನಿಯನ್ನು ಇಟ್ಟುಕೊಂಡು ಉಳಿದದ್ದನ್ನೆಲ್ಲ ಗಲಾಟೆ ಎಂದು ಗುಡಿಸಿ ಹಾಕಿತ್ತು. ಪಾತ್ರೆಯ ಜೊತೆ, ಮಗುವಿನ ಅಳುವಿನ ಜೊತೆ, ಸೊಲ್ಲು ಕೊಡುತ್ತಿದ್ದ ಅಷ್ಟೂ ಹೆಂಗಸರು ಕಸದ ಬುಟ್ಟಿಗೆ ಹೋಗಿದ್ದರು. ಪದಕ್ಕೂ ಪದಕ್ಕೂ ನಡುವೆ ಅಷ್ಟುದ್ದ ಖಾಲಿ ಇತ್ತು. ಕೇಳಿದಾಗ ನನಗೆ ಅದು ಶುಭ್ರವಾದ ಮೌನ ಎನ್ನಿಸಿ ಹೆಮ್ಮೆಯಾಗಿತ್ತು. ತೊಳೆಯುವ ಮೊದಲು ಕೇಳಿದಾಗಲೂ ಅತ್ತೆಯ ದನಿಯನ್ನೇ ಹುಡುಕುತ್ತಿದ್ದ ನನಗೆ ಉಳಿದವರು ಕೇಳಿಸಿರಲಿಲ್ಲ. ಕಿವಿಗಳಂತೆ ಕಿವಿಗಳು!

ನಮ್ಮವ್ವನ ವಿಷಯ ಹೇಳಬೇಕು. ಅವಳಿಗೂ ಶ್ರುತಿಗೂ ಎಣ್ಣೆ ಸೀಗೇಕಾಯಿ ಸಂಬಂಧ. ಆದರೂ ಹಾಡುವ ಆಸೆ ವಿಪರೀತ. ಸೋಬಾನೆಗೆ ಎಲ್ಲರಿಗಿಂತ ಮೊದಲು ಹೋಗಿ ಅತ್ತೆಯ ಪಕ್ಕದ ಜಾಗ ಹಿಡಿಯುತ್ತಿದ್ದಳು. ಎಲ್ಲರೂ ಸೊಲ್ಲು ಕೊಟ್ಟು ಮುಗಿಸಿದ ಮೇಲೆ ಇವಳದೊಂದು ದನಿ, ಹೊರಟ ಬಸ್ಸನ್ನು ಓಡಿ ಹಿಡಿಯುವ ಮುದುಕಿಯಂತೆ, ಹಿಂದಿನಿಂದ ಬಂದು ಸೇರಿಕೊಳ್ಳುತ್ತಿತ್ತು. ಹೆಂಗಸರು ಮುಸಿಮುಸಿ ನಗುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಅವಳು ತೀರಿಕೊಂಡು ವರ್ಷಗಳಾದವು. ಫೋಟೋಗಳಿವೆ, ಸೀರೆಗಳಿವೆ. ದನಿಯ ಯೋಚನೆಯೇ ನನಗೆ ಬಂದಿರಲಿಲ್ಲ. ಇಷ್ಟು ದಿನ ಮನೆಯಲ್ಲೇ ಇಟ್ಟುಕೊಂಡಿದ್ದ ಕ್ಯಾಸೆಟ್ಟಿನಲ್ಲಿ ನನ್ನ ತಾಯಿ ಇದ್ದಳು ಎನ್ನುವುದನ್ನು ಅತ್ತೆ ಕೇಳುವವರೆಗೆ ನಾನು ನೆನೆದೂ ಇರಲಿಲ್ಲ.

ತೊಳೆಯದ ಪ್ರತಿ ಲ್ಯಾಪ್‌ಟಾಪಿನಲ್ಲಿಯೇ ಇತ್ತು. ಅತ್ತೆಯ ಮನೆಯ ಜಗಲಿಯಲ್ಲೇ ಕೂತು ಹಾಕಿದೆ. ಸೊಯ್ಯೆನ್ನುವ ಸದ್ದು, ಪಾತ್ರೆ, ಮಗು. ಅತ್ತೆಯ ಪದ ಮುಗಿಯಿತು. ಹೆಂಗಸರ ದನಿ ದೊಪ್ಪನೆ ಎದ್ದು ಇಳಿಯಿತು. ಇಳಿದ ಮೇಲೆ, ಎಲ್ಲರೂ ನಿಲ್ಲಿಸಿದ ಮೇಲೆ, ಒಂದು ಒರಟು ದನಿ ಶ್ರುತಿಯ ಹೊರಗೆ ನಿಂತು, ಬಿಡದೆ, ಸೊಲ್ಲನ್ನು ಪೂರ್ತಿ ಮಾಡಿತು. ಅವ್ವ! ನನಗೆ ಅಳು ತಡೆಯಲಾಗಲಿಲ್ಲ. ಅಳುತ್ತಲೇ ನಗುವೂ ಬಂತು, ಏಕೆಂದರೆ ಮುಂದಿನ ಸೊಲ್ಲಿಗೆ ಅವಳು ಇನ್ನೂ ಹಿಂದೆ ಬಿದ್ದಿದ್ದಳು. ಎಷ್ಟು ದೊಡ್ಡ ಕಛೇರಿಯ ಎಷ್ಟು ಚೊಕ್ಕ ರೆಕಾರ್ಡಿಂಗಾದರೂ ನನ್ನನ್ನು ಹಾಗೆ ಅಲ್ಲಾಡಿಸಿರಲಿಲ್ಲ.

ಅತ್ತೆಗೂ ಕೇಳಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಒಬ್ಬೊಬ್ಬರನ್ನೂ ಗುರುತು ಹಿಡಿದಳು. ‘ಇವ್ಳು ಅರಸೀಕೆರೆಗ್ ಕೊಟ್ಟಿದ್ದ ನಮ್ ದೊಡ್ಡಕ್ಕ. ಇವ್ರು ಜಯಶ್ರೀ ಅವ್ವ, ಅರಕಲಗೂಡ್ನೋರು. ಇದು ನಿಮ್ಮವ್ವ, ನೋಡು, ನೋಡು, ಈಗ್ ಬಂದ್ಲು!’ ಎಂದು ನಕ್ಕಳು. ಅವರಲ್ಲಿ ಬಹಳ ಜನ ಈಗಿಲ್ಲ. ಹಾಡು ಮುಗಿದ ಮೇಲೆ ನಾನು, ‘ಮದ್ವೆಗೆ ಇದನ್ನೇ ಹಾಕಿಸ್ತೀನಿ ಅತ್ತೆ. ಎಲ್ಲರೂ ಇರಲಿ’ ಎಂದೆ. ತಪ್ಪು ತಿದ್ದಿಕೊಂಡ ಸಮಾಧಾನ ನನಗೆ.

ಅತ್ತೆ ತಲೆಯಾಡಿಸಿದಳು. ‘ಇದು ಬ್ಯಾಡ. ಇದು ನಮಗಿರ್ಲಿ. ಮದ್ವೆಗೆ ಆ ತೊಳ್ದಿರೋದ್ನೇ ಆಕು.’

‘ಅದರಲ್ಲಿ ಸೊಲ್ಲು ಕೊಡೋರೇ ಇಲ್ವಲ್ಲ?’

‘ಅದ್ಕೇಯ. ಇದ್ರಲ್ಲಿ ಎಲ್ಲಾ ಭರ್ತಿ ಆಗದೆ. ಆಕುದ್ರೆ ಈಗ್ನೋರು ಕುರ್ಚಿ ಮ್ಯಾಲ್ ಕೂತ್ಕಂಡು, ಆಹಾ ಅಂತ ಕೇಳಿ, ಎದ್ದೋಯ್ತರೆ. ಅದ್ರಲ್ಲಿ ಜಾಗ ಖಾಲಿ ಐತೆ. ಖಾಲಿ ಬುಟ್ರೆ ಯಾರಾರ ತುಂಬ್ತರೆ.’

‘ಯಾರೂ ತುಂಬ್ಲಿಲ್ಲ ಅಂದ್ರೆ?’

‘ತುಂಬ್ಲಿಲ್ಲ ಅಂದ್ರೆ ಸೋಬಾನೆ ನನ್ ಜೊತೇಲೇ ಮುಗೀತು ಅಂತ ತಿಳ್ಕತೀನಿ’ ಎಂದಳು.

ಒಂದು ಗುಂಡಿ ಒತ್ತಿ ನಾನು ಮಾಡಿದ ಎಡವಟ್ಟನ್ನು ಅವಳು ತನ್ನ ಪಂದ್ಯ ಮಾಡಿಕೊಂಡಿದ್ದಳು.

ಮದುವೆ ಹಾಸನದ ಕಲ್ಯಾಣ ಮಂಟಪವೊಂದರಲ್ಲಿ. ಅರಿಸಿನದ ಶಾಸ್ತ್ರ ಬೆಳಗ್ಗೆ. ಡಿಜೆಯವರು ಆಳೆತ್ತರದ ಸ್ಪೀಕರುಗಳನ್ನು ಎರಡೂ ಕಡೆ ಸಾಲಾಗಿ ನಿಲ್ಲಿಸಿದ್ದರು. ಎದೆಗೂಡು ನಡುಗಿಸಲೆಂದೇ ಹುಟ್ಟಿದ ಪೆಟ್ಟಿಗೆಗಳು ಅವು. ಮೇಘನಳನ್ನು ಹಸೆಮಣೆಗೆ ತಂದು ಕೂರಿಸಿದರು. ಅತ್ತೆಗೆ ಪಕ್ಕದಲ್ಲೇ ಕುರ್ಚಿ. ಗಂಡಿನ ಕಡೆಯ ಹೆಂಗಸರು ಒಂದು ಸಾಲು, ನಮ್ಮವರು ಒಂದು ಸಾಲು, ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನೂ ಹುಡುಗಿಯ ಕಡೆಗೆ. ನಾನು ಡಿಜೆಯವನಿಗೆ ಕಣ್ಸನ್ನೆ ಮಾಡಿದೆ.

ಅತ್ತೆಯ ದನಿ ಎದ್ದಿತು. ನಾನು ಬಡಾಯಿ ಕೊಚ್ಚಿಕೊಳ್ಳುತ್ತೇನೆ ಎಂದುಕೊಂಡರೂ ಚಿಂತೆಯಿಲ್ಲ, ಹಾಸನ ಜಿಲ್ಲೆಯಲ್ಲಿ ಸೋಬಾನೆ ಅಷ್ಟು ಸೊಗಸಾಗಿ ಯಂತ್ರದಿಂದ ಹೊಮ್ಮಿದ್ದು ಅದೇ ಮೊದಲಿರಬೇಕು. ಮಂಟಪದ ಮೂಲೆಮೂಲೆಗೂ ಹಾಲು ಹರಿದ ಹಾಗೆ ಹರಿಯಿತು. ಊಟದ ಮನೆಯಲ್ಲಿ ತಟ್ಟೆಗಳ ಸದ್ದು ನಿಂತಿತು. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬಂದರು. ‘ಇದು ಪುಟ್ಟತಾಯಮ್ಮನ ದನಿ ಅಲ್ವಾ?’ ಎಂದು ಯಾರೋ ಅಂದರು. ನನಗೆ ಮೈಯೆಲ್ಲ ಜುಮ್ಮೆಂದಿತು.

ಮೊದಲ ಪದ ಮುಗಿಯಿತು. ಖಾಲಿ ಬಂತು.

ತೊಳೆದ ಮೌನ ಎಷ್ಟು ಘೋರ ಎನ್ನುವುದು ನನಗೆ ಗೊತ್ತಾದದ್ದು ಆಗ. ಅದರಲ್ಲಿ ರೀಲಿನ ಉಸಿರೂ ಇರಲಿಲ್ಲ. ತಂತಿ ಕಿತ್ತಿತೇನೋ ಎಂದು ಡಿಜೆಯವನು ಎದ್ದು ನಿಂತ. ನಾನು ಕೂರಿಸಿದೆ. ಎರಡನೆಯ ಪದ ಬಂತು, ಹೋಯಿತು. ಮತ್ತೆ ಖಾಲಿ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಸಾಲಿನಲ್ಲಿ ಒಬ್ಬರ ತುಟಿ ಅಲುಗಿದ ಹಾಗಾಯಿತು, ಪಕ್ಕದವರು ನೋಡಿದ್ದೇ ಮುಚ್ಚಿಕೊಂಡಿತು. ಅತ್ತೆ ನೆಲ ನೋಡುತ್ತ ಕೂತಿದ್ದಳು. ಮೂರನೆಯ ಪದ. ನನ್ನ ಗುಂಡಿಗೆಯ ಸದ್ದು ಆ ಸ್ಪೀಕರುಗಳನ್ನೂ ಮೀರಿಸುತ್ತಿತ್ತು.

ಗಂಡಸರು ಸೋಬಾನೆಗೆ ಸೊಲ್ಲು ಕೊಡುವುದು ನಮ್ಮ ಕಡೆ ಇಲ್ಲ. ಕೊಟ್ಟವನನ್ನು ನಾನು ಕಂಡಿಲ್ಲ. ಆದರೆ ಮೂರನೆಯ ಪದ ಮುಗಿದು ಆ ಖಾಲಿ ಮತ್ತೆ ಬಾಯಿ ತೆರೆದಾಗ ನನ್ನ ಬಾಯಿಯೂ ತೆರೆದುಕೊಂಡಿತು. ಹೊರಬಿದ್ದ ದನಿ ಕೇಳಿ ನನಗೇ ಗಾಬರಿಯಾಯಿತು. ತಬಲದ ಎಡಗೈ ಬಲಗೈ ಬಿಡಿಸಿ ಹೇಳುವ ಮಹಾಶಯನ ಗಂಟಲು ಹಸೆಮಣೆಯ ಎದುರು ಕತ್ತೆಯಂತೆ ಅರಚುತ್ತಿತ್ತು. ಶ್ರುತಿ ಒಂದು ಕಡೆ, ನಾನೊಂದು ಕಡೆ. ಮಂಟಪವೇ ಗೊಳ್ಳೆಂದಿತು. ಮೇಘನ ಅರಿಸಿನದ ಕೈಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು.

ನಾಲ್ಕನೆಯ ಸೊಲ್ಲಿಗೆ, ಗಂಡನ ಮಾನ ಉಳಿಸಲೆಂದೋ ಏನೋ, ಜಯಶ್ರೀ ಸೇರಿದಳು. ನಗುತ್ತಲೇ ಸೇರಿದಳು, ಆದರೆ ದನಿ ಗಟ್ಟಿಯಾಗಿತ್ತು. ಅವಳನ್ನು ನೋಡಿ ನಮ್ಮ ಸಾಲಿನ ಹಿರಿಯರಿಬ್ಬರು. ಹೆಣ್ಣಿನ ಕಡೆಯವರು ಹಾಡಿದರೆ ಗಂಡಿನ ಕಡೆಯವರು ಬಿಟ್ಟಾರೆಯೇ? ಬೂವನಹಳ್ಳಿಯ ಸಾಲಿನಿಂದ ಒಬ್ಬಾಕೆ, ‘ನಮಗೇನ್ ಬರಾಕಿಲ್ವಾ? ಎತ್ರವ್ವಾ ದನಿಯ’ ಎಂದು ಫೋನನ್ನು ಸೊಂಟಕ್ಕೆ ಸಿಕ್ಕಿಸಿದರು. ಅವರ ಧಾಟಿಯೇ ಸ್ವಲ್ಪ ಬೇರೆ. ನಮ್ಮದು ಇಳಿಯುವಲ್ಲಿ ಅವರದು ಏರುತ್ತಿತ್ತು. ಎರಡೂ ಡಿಕ್ಕಿ ಹೊಡೆದವು, ಕೂಡಿಕೊಂಡವು, ಮತ್ತೆ ಡಿಕ್ಕಿ ಹೊಡೆದವು. ಸೌಟು ಹಿಡಿದು ನಿಂತವರಿಂದಲೂ ಸೊಲ್ಲು ಬಂತು. ಒಂದು ಮಗು ರಚ್ಚೆ ಹಿಡಿಯಿತು. ಯಾರೋ ಪಾತ್ರೆ ಬೀಳಿಸಿದರು. ಖಾಲಿ ಎಂಬುದು ಎಲ್ಲಿತ್ತು ಎಂದು ಹುಡುಕಿದರೂ ಸಿಗದಂತೆ ಆಯಿತು.

ನಾನು ಅತ್ತೆಯ ಕಡೆ ನೋಡಿದೆ. ಅವಳ ತಲೆ ನೆಟ್ಟಗಾಗಿತ್ತು. ಸ್ಪೀಕರಿನಲ್ಲಿ ಪದ ಬಂದಾಗಲೆಲ್ಲ ಅವಳ ತುಟಿಗಳೂ ಅಲುಗುತ್ತಿದ್ದವು, ಮುಂದಾಗಿ ಹೇಳುತ್ತಿರುವವಳು ಅವಳೇ. ಸೊಲ್ಲು ಬಂದಾಗ ಬಾಯಿ ಮುಚ್ಚಿ, ಗತ್ತಿನಿಂದ, ಎಲ್ಲರೂ ಸರಿಯಾಗಿ ಕೊಡುತ್ತಿದ್ದಾರೋ ಇಲ್ಲವೋ ಎಂದು ಒಂದು ಸುತ್ತು ಕಣ್ಣು ಹಾಯಿಸುತ್ತಿದ್ದಳು. ಆ ಕಣ್ಣು ನನ್ನ ಮೇಲೆ ಬಿತ್ತು. ಕೈಸನ್ನೆಯಿಂದ 'ಬಾ' ಎಂದಳು. ನನ್ನಿಂದ ಎಲ್ಲರ ಹಾಡು ಕೆಡುತ್ತಿದೆ, ಸುಮ್ಮನಿರು ಎನ್ನುತ್ತಾಳೆ ಎಂದುಕೊಂಡು ಹೋಗಿ ಬಗ್ಗಿದೆ. ಅತ್ತೆ ನನ್ನ ಕಾಲರ್ ಹಿಡಿದು ಕಿವಿಯನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಳು.

‘ಥೇಟ್ ನಿಮ್ಮವ್ವನ್ ದನಿ ಕಣ್ಲಾ. ಅವ್ಳಂಗೇ ಕೆಟ್ಟದಾಗ್ ಆಡ್ತೀಯ. ನಿಲ್ಲುಸ್ಬ್ಯಾಡ.’

ನಾನು ನಿಲ್ಲಿಸಲಿಲ್ಲ. ಮುಂದಿನ ಸೊಲ್ಲನ್ನು ಎಲ್ಲರೂ ಕೊಟ್ಟು ಮುಗಿಸುವವರೆಗೆ ಕಾದೆ, ಆಮೇಲೆ ಹಿಂದಿನಿಂದ ಓಡಿ ಹೋಗಿ ಸೇರಿಕೊಂಡೆ.